ನಡುಗಡ್ಡೆಗೆ ಹೊರಡುವ ಮುನ್ನ

ನವೆಂಬರ್ ಮುಗಿಯುತ್ತ ಬಂದಂತೆ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಿಗೆ ಶಾಲೆಯಿಂದ ಒಂದು ಚೀಟಿ ಬರುತ್ತದೆ. ಪ್ರವಾಸದ ಚೀಟಿ. ಇಷ್ಟು ದಿನ, ಇಷ್ಟು ಹಣ, ಇಂತಿಂಥ ಸ್ಥಳಗಳು ಎಂದು ಬರೆದು, ಕೆಳಗೆ ತಂದೆ ಅಥವಾ ತಾಯಿಯ ಸಹಿಗೆ ಒಂದು ಗೆರೆ ಎಳೆದಿರುತ್ತದೆ. ಬೇಲೂರು, ಹಳೇಬೀಡು, ಜೋಗಗಳನ್ನು ಅಪ್ಪ-ಅಮ್ಮಂದಿರ ಕಾಲದಲ್ಲೇ ನೋಡಿ ಆಗಿದೆ. ಈಗಿನ ಮಕ್ಕಳ ಬಾಯಲ್ಲಿ ದ್ವೀಪದ ಮಾತು.

"ಅಜ್ಜಿ, ಈ ಸಲ ನಾವು ದ್ವೀಪಕ್ಕೆ ಹೋಗ್ತೀವಿ."

"ದ್ವೀಪಾನಾ? ಸಮುದ್ರದ ಮಧ್ಯಕ್ಕಾ? ಬ್ಯಾಡ ಕಣಮ್ಮ. ನಿಂಗೆ ಈಜು ಬೇರೆ ಬರಲ್ಲ."

"ಮೇಷ್ಟ್ರು ಜೊತೆಗಿರ್ತಾರಲ್ಲ ಅತ್ತೆ" ಎಂದು ತಾಯಿ ಸಮಾಧಾನ ಹೇಳುತ್ತಾರೆ. ಪೆನ್ನು ಹಿಡಿದ ತಂದೆ ಸಹಿ ಹಾಕಲೋ ಬೇಡವೋ ಎಂದು ಚೀಟಿಯನ್ನು ಮತ್ತೊಮ್ಮೆ ಓದುತ್ತಾರೆ. ಅದರಲ್ಲಿ ಹಣದ ಮೊತ್ತ ಇದೆ, ಬಸ್ಸು ಹೊರಡುವ ಗಂಟೆ ಇದೆ. ಆ ದಿನ ಅಲ್ಲಿ ನೀರು ಹೇಗಿರುತ್ತದೆ, ಆ ದ್ವೀಪದಲ್ಲಿ ಆಗ ಯಾರು ವಾಸವಾಗಿರುತ್ತಾರೆ ಎಂಬುದು ಮಾತ್ರ ಇಲ್ಲ.

ಮಗುವಿನ ಆಸೆಯೂ ಸರಿ, ಅಜ್ಜಿಯ ಭಯವೂ ಸರಿ. ದ್ವೀಪ ಪ್ರವಾಸದ ತಯಾರಿ ಎಂದರೆ ಬಸ್ಸು ಗೊತ್ತುಮಾಡಿ ಬುತ್ತಿ ಕಟ್ಟುವುದು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಗುಡಿ, ಕೋಟೆ, ಅರಮನೆಗಳಿಗಾದರೆ ಅಷ್ಟು ಸಾಕು. ಅವು ವರ್ಷವಿಡೀ ಒಂದೇ ರೀತಿ ಇರುತ್ತವೆ. ಜನಸಂಚಾರವಿಲ್ಲದ ಚಿಕ್ಕ ದ್ವೀಪ ಹಾಗಲ್ಲ. ಅದು ಕೆಲವು ತಿಂಗಳು ಹಿಗ್ಗುತ್ತದೆ, ಕೆಲವು ತಿಂಗಳು ಕುಗ್ಗುತ್ತದೆ, ಕೆಲವು ತಿಂಗಳು ಕಾಣದೆಯೇ ಹೋಗುತ್ತದೆ. ಅದಕ್ಕೆ ಅದರದೇ ಒಂದು ಪಂಚಾಂಗ ಉಂಟು. ಹೋಗುವವರು ತಮ್ಮ ಬಿಡುವನ್ನಲ್ಲ, ಆ ಪಂಚಾಂಗವನ್ನು ನೋಡಿ ದಿನ ಗೊತ್ತುಮಾಡಬೇಕು. ಕೆಲವು ದಿನಗಳಲ್ಲಿ ಕಾಲಿಡದೆ ಹಿಂದಿರುಗುವುದಕ್ಕೂ ಮನೆಯಲ್ಲೇ ಮನಸ್ಸು ಮಾಡಿಕೊಂಡಿರಬೇಕು.

ಮನೆಯ ಹತ್ತಿರದ ದ್ವೀಪ

ಮೊದಲಿಗೆ ಅಜ್ಜಿಯ ಪ್ರಶ್ನೆ. ದ್ವೀಪವೆಂದರೆ ಸಮುದ್ರವೇ ಆಗಬೇಕೆಂದಿಲ್ಲ. ಸುತ್ತ ನೀರಿರುವ ನೆಲವೆಲ್ಲ ದ್ವೀಪವೇ. ಹೊಳೆ, ಕೆರೆಗಳ ಮಧ್ಯದಲ್ಲಿರುವುದನ್ನು ಈ ಕಡೆಯ ಜನ ನಡುಗಡ್ಡೆ ಎನ್ನುತ್ತಾರೆ. ಕರಾವಳಿಯಲ್ಲಿ ಹೊಳೆಯ ನಡುಗಡ್ಡೆಗೆ ಕುದ್ರು ಎಂಬ ಹೆಸರಿದೆ. ಈ ಮೂರು ಊರುಗಳಿಗೆ ಅತಿ ಸಮೀಪದ ದ್ವೀಪಗಳು ತರೀಕೆರೆ ತಾಲ್ಲೂಕಿನಲ್ಲೇ ಇವೆ. ತರೀಕೆರೆ ಪಟ್ಟಣದಿಂದ ಸುಮಾರು 20 ಕಿ.ಮೀ. ದೂರದ ಲಕ್ಕವಳ್ಳಿಯಲ್ಲಿ, ಭದ್ರಾ ಜಲಾಶಯದ ಹಿನ್ನೀರಿನಲ್ಲಿ.

ಇವು ಉಷ್ಣವಲಯದ ದ್ವೀಪಗಳು ಎಂದರೆ ಮಕ್ಕಳು ನಗಬಹುದು. ಆದರೆ ಭೂಪಟ ತೆಗೆದು ನೋಡಲಿ. ಸಮಭಾಜಕ ವೃತ್ತಕ್ಕೂ 23.5 ಡಿಗ್ರಿ ಉತ್ತರದ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ನಡುವೆ ಇರುವುದೆಲ್ಲ ಉಷ್ಣವಲಯವೇ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ 13 ಮತ್ತು 14ನೇ ಅಕ್ಷಾಂಶಗಳ ನಡುವೆ ಕುಳಿತಿವೆ.

ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರಾ ನದಿಗೆ ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ್ದು ಸ್ವಾತಂತ್ರ್ಯ ಬಂದ ಮೇಲಿನ ವರ್ಷಗಳಲ್ಲಿ. 1960ರ ದಶಕದಲ್ಲಿ ಕೆಲಸ ಪೂರ್ಣಗೊಂಡಿತು. ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಂಗ್ರಹ 71.5 ಟಿಎಂಸಿ ಅಡಿ. ನೀರು ಏರಿದಂತೆ ಕಣಿವೆಯ ಕಾಡು ಮುಳುಗಿತು, ಹಳ್ಳಿಗಳು ಮುಳುಗಿದವು. ಎತ್ತರದ ಗುಡ್ಡಗಳು ದಡವಾದವು. ಸ್ವಲ್ಪ ತಗ್ಗಿನ ಗುಡ್ಡಗಳ ನೆತ್ತಿಗಳಷ್ಟೇ ನೀರಿನ ಮೇಲೆ ಉಳಿದವು. ಇಂದು ದೋಣಿಯಲ್ಲಿ ಹೋಗುವವರಿಗೆ ಕಾಣುವ ನಡುಗಡ್ಡೆಗಳು ಹಿಂದೆ ಗುಡ್ಡದ ತುದಿಗಳು.

ಹಿನ್ನೀರಿನ ಸುತ್ತಣ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. 1951ರಲ್ಲಿ ಜಾಗರ ಕಣಿವೆಯ ವನ್ಯಧಾಮವಾಗಿ ಆರಂಭವಾದ ಇದು 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2001-02ರ ಹೊತ್ತಿಗೆ ಕಾಡಿನೊಳಗಿನ ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆಗಳನ್ನು ಬಿಟ್ಟು ಹೊರಬಂದವು. ಅವರಲ್ಲಿ ಅನೇಕರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದ್ದಾರೆ. ಅಲ್ಲಿನ ಮಕ್ಕಳು ಈಗ ಇದೇ ತಾಲ್ಲೂಕಿನ ಶಾಲೆಗಳಲ್ಲಿ ಓದುತ್ತಾರೆ. ಲಕ್ಕವಳ್ಳಿಯ ಹಿನ್ನೀರು ಇಂದು ಅಷ್ಟು ನಿಶ್ಶಬ್ದವಾಗಿದೆ ಎಂದರೆ, ಅದಕ್ಕೆ ಬೆಲೆ ಕೊಟ್ಟವರು ಇಲ್ಲಿಯೇ ಪಕ್ಕದಲ್ಲಿದ್ದಾರೆ. ಒಂದು ದಿನದ ಮಟ್ಟಿಗೆ ಹೋಗುವವರು ಇದನ್ನು ತಿಳಿದುಕೊಂಡು ಹೋಗುವುದು ಒಳ್ಳೆಯದು.

ದ್ವೀಪ ಬೆಳೆಯುವ ಲೆಕ್ಕ

ನಡುಗಡ್ಡೆಗಳು ಯಾವಾಗ ಕಾಣುತ್ತವೆ? ಇದಕ್ಕೆ ಉತ್ತರ ಪತ್ರಿಕೆಯಲ್ಲೇ ಸಿಗುತ್ತದೆ. ರಾಜ್ಯದ ಜಲಾಶಯಗಳ ನೀರಿನ ಮಟ್ಟ ಎಂಬ ಪುಟ್ಟ ಪಟ್ಟಿಯನ್ನು ರೈತರು ದಿನವೂ ನೋಡುತ್ತಾರೆ, ವಿದ್ಯಾರ್ಥಿಗಳು ದಾಟಿಕೊಂಡು ಹೋಗುತ್ತಾರೆ. ಭದ್ರಾ ಎಂಬ ಹೆಸರಿನ ಮುಂದೆ ಎರಡು ಅಂಕಿಗಳಿರುತ್ತವೆ. ಒಂದು ಪೂರ್ಣ ಮಟ್ಟ, ಇನ್ನೊಂದು ಇಂದಿನ ಮಟ್ಟ. ಇವೆರಡರ ವ್ಯತ್ಯಾಸವೇ ದ್ವೀಪದ ಪಂಚಾಂಗ.

ಮಳೆ ಚೆನ್ನಾಗಿ ಆದ ವರ್ಷ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಜಲಾಶಯ ತುಂಬುತ್ತದೆ. ಆಗ ತಗ್ಗಿನ ನಡುಗಡ್ಡೆಗಳೆಲ್ಲ ನೀರಿನಡಿ. ಜನವರಿಯಿಂದ ಬೇಸಿಗೆ ಬೆಳೆಗೆಂದು ನಾಲೆಗಳಿಗೆ ನೀರು ಬಿಡಲು ಆರಂಭಿಸಿದ ಮೇಲೆ ಮಟ್ಟ ಇಳಿಯುತ್ತದೆ, ನಡುಗಡ್ಡೆಗಳು ಒಂದೊಂದಾಗಿ ತಲೆಯೆತ್ತುತ್ತವೆ. ದಾವಣಗೆರೆ ಕಡೆಯ ಗದ್ದೆಗೆ ನೀರು ಹರಿದಷ್ಟೂ ಲಕ್ಕವಳ್ಳಿಯಲ್ಲಿ ನೆಲ ಕಾಣುತ್ತದೆ. ಎಲ್ಲ ವರ್ಷಗಳೂ ಒಂದೇ ಸಮ ಇರುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯ ತುಂಬಲೇ ಇಲ್ಲ. ಆದ್ದರಿಂದ ಹೋದ ವರ್ಷ ನೆರೆಮನೆಯವರು ಹೋಗಿದ್ದ ತಾರೀಖನ್ನೇ ಈ ವರ್ಷವೂ ಹಿಡಿದರೆ ಪ್ರಯೋಜನವಿಲ್ಲ. ಈ ವರ್ಷದ ಅಂಕಿಯನ್ನು ನೋಡಬೇಕು.

ಇಲ್ಲೊಂದು ಚಿಕ್ಕ ಲೆಕ್ಕವಿದೆ. ನಡುಗಡ್ಡೆ ಒಂದು ದುಂಡನೆಯ ದಿಬ್ಬ ಎಂದುಕೊಳ್ಳಬಹುದು. ಹತ್ತು ಮೀಟರ್ ಹೊರಕ್ಕೆ ಹೋದರೆ ಒಂದು ಮೀಟರ್ ಇಳಿಯುವಷ್ಟು ಅದರ ಇಳಿಜಾರು. ಇಂದು ನೀರಿನ ಮೇಲೆ ಕಾಣುವ ಭಾಗದ ತ್ರಿಜ್ಯ 20 ಮೀಟರ್ ಆದರೆ, ವೃತ್ತದ ವಿಸ್ತೀರ್ಣದ ಸೂತ್ರದ ಪ್ರಕಾರ ನೆಲ 1,256 ಚದರ ಮೀಟರ್. ನೀರು ಒಂದೇ ಒಂದು ಮೀಟರ್, ಅಂದರೆ ಮೂರು ಅಡಿಗಿಂತ ತುಸು ಹೆಚ್ಚು ಇಳಿಯಿತು. ತ್ರಿಜ್ಯ 30 ಮೀಟರ್ ಆಯಿತು. ಈಗ ವಿಸ್ತೀರ್ಣ 2,826 ಚದರ ಮೀಟರ್. ಮೊದಲಿನ ಎರಡೂಕಾಲು ಪಟ್ಟು! ಇದೇ ಲೆಕ್ಕ ತಿರುಗುಮುರುಗಾಗಿಯೂ ನಡೆಯುತ್ತದೆ. ಮೇ ತಿಂಗಳಲ್ಲಿ ಘಟ್ಟದ ಮೇಲೆ ಜೋರಾಗಿ ಮಳೆ ಸುರಿದು ನೀರು ಒಂದು ಮೀಟರ್ ಏರಿದರೆ ದ್ವೀಪದ ಅರ್ಧಕ್ಕಿಂತ ಹೆಚ್ಚು ನೆಲ ಮುಳುಗಿಹೋಗುತ್ತದೆ.

ಆ ನೆಲದ ಮೇಲೆ ಯಾರೂ ಇಲ್ಲದಿದ್ದರೆ ಇದು ಬರೀ ಲೆಕ್ಕ. ಆದರೆ ಅಲ್ಲಿ ಸಂಸಾರ ಹೂಡಿದವರು ಇದ್ದಾರೆ.

ಬಂಡೆಯ ಮೇಲಿನ ಬಾಣಂತಿಯರು

ಜನವರಿ-ಫೆಬ್ರುವರಿಯಿಂದ ಮೇ ತಿಂಗಳವರೆಗೆ ಭದ್ರಾ ಹಿನ್ನೀರಿನ ನಡುಗಡ್ಡೆಗಳು ನದಿ ರೀವ ಎಂಬ ಹಕ್ಕಿಯ ಹೆರಿಗೆಮನೆ. ಲಕ್ಕವಳ್ಳಿಯಲ್ಲಿರುವ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಗೃಹಕ್ಕೆ ಇಂಗ್ಲಿಷಿನಲ್ಲಿ ಇದೇ ಹಕ್ಕಿಯ ಹೆಸರನ್ನು ಇಟ್ಟಿದ್ದಾರೆ. ಬೂದು ಬಣ್ಣದ ನೀಳ ರೆಕ್ಕೆ, ತಲೆಗೆ ಕರಿ ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂತೆ ಸೀಳಿದ ಬಾಲ. ಒಮ್ಮೆ ನೋಡಿದವರು ಮರೆಯುವಂತಿಲ್ಲ. ಗಾಳಿಯಲ್ಲಿ ತೇಲುತ್ತಾ ಬಂದು ತಲೆಕೆಳಗಾಗಿ ನೀರಿಗೆ ಬಿದ್ದು ಮೀನು ಹಿಡಿಯುವ ಚಾತುರ್ಯ ಅದರದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯಕ್ಕೆ ಸಿಲುಕಬಲ್ಲ ಜಾತಿಗಳ ಪಟ್ಟಿಯಲ್ಲಿ ಸೇರಿಸಿದೆ. ಮರಳಿನ ದಿಣ್ಣೆಗಳೂ ಪ್ರಶಾಂತ ನಡುಗಡ್ಡೆಗಳೂ ಕಡಿಮೆಯಾಗುತ್ತಿರುವುದೇ ಮುಖ್ಯ ಕಾರಣ.

ಈ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ ಅಂಗೈಯಷ್ಟು ತಗ್ಗು ಮಾಡಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಕಲ್ಲಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಎರಡು ಮಾರು ದೂರದಿಂದ ನೋಡಿದರೂ ಕಲ್ಲು ಯಾವುದು ಮೊಟ್ಟೆ ಯಾವುದು ತಿಳಿಯದು. ನರಿ, ಕಾಡುಬೆಕ್ಕು ಈಜಿ ಬರಲಾರವು ಎಂಬ ಧೈರ್ಯದಿಂದಲೇ ಅದು ನಡುಗಡ್ಡೆಯನ್ನು ಆರಿಸಿಕೊಂಡಿರುವುದು. ನೀರು ತೀರಾ ಇಳಿದು ನಡುಗಡ್ಡೆ ದಡಕ್ಕೆ ಕೂಡಿಕೊಂಡರೆ ಆ ಧೈರ್ಯವೂ ಹೋಯಿತು.

ಅಜ್ಜಂಪುರದ ಮಕ್ಕಳಿಗೆ ಇದು ಹೊಸದಾಗಿ ಕಾಣಬೇಕಾಗಿಲ್ಲ. ಅಮೃತಮಹಲ್ ಕಾವಲಿನಲ್ಲೂ ಹೊಲದ ಬದುಗಳಲ್ಲೂ ಟಿಟ್ಟಿಭ ಹೀಗೆಯೇ ನೆಲದಲ್ಲಿ ಮೊಟ್ಟೆ ಇಡುತ್ತದೆ. ಉಳುವಾಗ ಕಣ್ಣಿಗೆ ಬಿದ್ದರೆ ಅಷ್ಟು ಜಾಗ ಬಿಟ್ಟು ನೇಗಿಲು ತಿರುಗಿಸುವ ರೈತರು ಉಂಟು. ಹತ್ತಿರ ಹೋದವರ ತಲೆಯ ಮೇಲೆ ಅದು ಕಿರಿಚುತ್ತಾ ಸುತ್ತುವುದನ್ನು ಎಲ್ಲರೂ ಕಂಡಿದ್ದಾರೆ. ರೀವವೂ ಹಾಗೆಯೇ ಮಾಡುತ್ತದೆ. ದೋಣಿಯಿಂದ ಇಳಿದ ಹುಡುಗರಿಗೆ ಅದೊಂದು ಮೋಜು. ನೂರಾರು ಹಕ್ಕಿ ಒಮ್ಮೆಗೇ ಮೇಲೆದ್ದ ಫೋಟೋ ಬಹಳ ಚಂದವಾಗಿಯೂ ಬರುತ್ತದೆ. ಅಷ್ಟು ಹೊತ್ತು ಮೊಟ್ಟೆಗಳ ಗತಿ ಏನು ಎಂಬುದು ಫೋಟೋದಲ್ಲಿ ಬರುವುದಿಲ್ಲ.

ಇದನ್ನು ಶಾಲೆಯಲ್ಲೇ ಅಳೆದು ನೋಡಬಹುದು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಒಂದು ಗಂಟೆಯ ಬಿಸಿಲಿನಲ್ಲಿ, ಪ್ರಯೋಗಶಾಲೆಯ ಥರ್ಮಾಮೀಟರಿನ ಬುರುಡೆಯನ್ನು ಅಂಗಳದ ಕಪ್ಪು ಕಲ್ಲಿನ ಮೇಲಿಟ್ಟು, ಮೇಲೆ ಒಂದು ಚಿಟಿಕೆ ಒಣಮಣ್ಣು ಮುಚ್ಚಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಒಡೆದುಹೋಗುತ್ತದೆ. ಹತ್ತು ನಿಮಿಷದ ಮೇಲೆ ಓದಿದರೆ ಪಾದರಸ 50 ಡಿಗ್ರಿ ದಾಟಿದ್ದರೂ ಆಶ್ಚರ್ಯವಿಲ್ಲ. ಈಗ ಇನ್ನೊಂದು ಅಂಕಿ. ಕೋಳಿಮೊಟ್ಟೆಗೆ ಕಾವು ಕೊಡುವ ಯಂತ್ರದಲ್ಲಿ ಇಡುವ ಶಾಖ 37.5 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ನಾಲ್ಕೈದು ಡಿಗ್ರಿ ಹೆಚ್ಚಾಗಿ ಹಾಗೆಯೇ ನಿಂತರೆ ಒಳಗಿನ ಮರಿ ಉಳಿಯುವುದು ಕಷ್ಟ. ತಂಪಾದ ಮೊಟ್ಟೆ ಸ್ವಲ್ಪ ಹೊತ್ತು ತಾಳೀತು, ಸುಡುವ ಮೊಟ್ಟೆ ತಾಳದು.

ಹಾಗಾದರೆ ಬೇಸಿಗೆಯಲ್ಲಿ ನಡುಗಡ್ಡೆಯ ಮೇಲೆ ಕುಳಿತ ತಾಯಿ ಹಕ್ಕಿ ಮಾಡುತ್ತಿರುವುದು ಏನು? ಅದು ಮಧ್ಯಾಹ್ನದ ಹೊತ್ತು ಮೊಟ್ಟೆಗೆ ಕಾವು ಕೊಡುತ್ತಿಲ್ಲ, ನೆರಳು ಕೊಡುತ್ತಿದೆ. ಟಿಟ್ಟಿಭವಂತೂ ಹೊಟ್ಟೆಯ ಗರಿಯನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಒದ್ದೆ ಬಟ್ಟೆಯಲ್ಲಿ ಮಡಕೆ ಸುತ್ತಿದ ಹಾಗೆ. ಅಂಥ ತಾಯಿಯನ್ನು ಬೆದರಿಸಿ ಎಬ್ಬಿಸಿ ಅರ್ಧ ಗಂಟೆ ದ್ವೀಪದಲ್ಲಿ ಓಡಾಡಿದರೆ, ಯಾರೂ ಒಂದು ಮೊಟ್ಟೆಯನ್ನೂ ತುಳಿಯದಿದ್ದರೂ ಕೆಡುಕು ಆಗಿಹೋಗಿರುತ್ತದೆ. ಕಾಗೆ, ಹದ್ದುಗಳೂ ಇದೇ ಸಮಯ ಕಾಯುತ್ತಿರುತ್ತವೆ. ಪ್ರವಾಸಿಗರು ಏನನ್ನೂ ಕಾಣದೆ, ತಾವು ಯಾವ ತಪ್ಪೂ ಮಾಡಿಲ್ಲವೆಂದು ನಂಬಿಕೊಂಡು ಮನೆಗೆ ಬರುತ್ತಾರೆ.

ಕಾನೂನೂ ಈ ಮಾತನ್ನು ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥವನ್ನು ಓದಿದರೆ ಆಶ್ಚರ್ಯವಾಗುತ್ತದೆ. ಕೋವಿ ಹಿಡಿದು ಕೊಲ್ಲುವುದಷ್ಟೇ ಬೇಟೆಯಲ್ಲ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದೂ, ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕೆದಕುವುದೂ ಅಲ್ಲಿ ಬೇಟೆಯೇ.

ಇಳಿಯದೆ ನೋಡುವ ವಿದ್ಯೆ

ಹಾಗೆಂದು ಮಕ್ಕಳನ್ನು ಲಕ್ಕವಳ್ಳಿಗೆ ಕರೆದೊಯ್ಯಲೇಬಾರದೆ? ಖಂಡಿತ ಒಯ್ಯಬೇಕು. ಹೇಗೆ ಎಂಬುದಷ್ಟೇ ಪ್ರಶ್ನೆ.

ಹಿಂದೂ ಮಹಾಸಾಗರದ ಸೀಷೆಲ್ಸ್ ದೇಶದಲ್ಲಿ ಕಸಿನ್ ಎಂಬ ಪುಟ್ಟ ದ್ವೀಪವಿದೆ. ಒಂದು ಕಾಲಕ್ಕೆ ಅದು ತೆಂಗಿನ ತೋಟ. ಸೀಷೆಲ್ಸಿನ ಒಂದು ಉಲಿಯಕ್ಕಿ ಇಡೀ ಪ್ರಪಂಚದಲ್ಲಿ ಅಲ್ಲಿ ಮಾತ್ರ, ಮೂವತ್ತಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಉಳಿದಿತ್ತು. 1968ರಲ್ಲಿ ಅಂತರರಾಷ್ಟ್ರೀಯ ಪಕ್ಷಿ ಸಂರಕ್ಷಣಾ ಮಂಡಳಿ ಆ ದ್ವೀಪವನ್ನೇ ಕೊಂಡುಕೊಂಡಿತು. ತೆಂಗನ್ನು ತಗ್ಗಿಸಿ ಸ್ಥಳೀಯ ಕಾಡು ಬೆಳೆಯಲು ಬಿಟ್ಟರು. ಆಮೇಲೆ ಕೆಲವು ಹಕ್ಕಿಗಳನ್ನು ಬೇರೆ ದ್ವೀಪಗಳಿಗೂ ಒಯ್ದರು. ಇಂದು ಆ ಹಕ್ಕಿಗಳು ಸಾವಿರಗಳ ಲೆಕ್ಕದಲ್ಲಿವೆ. ಪ್ರವಾಸಿಗರಿಗೆ ಅಲ್ಲಿ ನಿಷೇಧವಿಲ್ಲ. ಆದರೆ ಅವರು ಬಂದ ದೋಣಿ ದಡ ಮುಟ್ಟುವಂತಿಲ್ಲ. ದ್ವೀಪದ ಸ್ವಂತ ದೋಣಿ ಬಂದು ಅವರನ್ನು ಹತ್ತಿಸಿಕೊಂಡು ಹೋಗುತ್ತದೆ. ಹೊರಗಿನ ದೋಣಿಯಲ್ಲಿ ಒಂದು ಜೊತೆ ಇಲಿ ಬಂದು ಇಳಿದರೂ ನೆಲದ ಮೇಲಿನ ಗೂಡುಗಳಿಗೆ ಉಳಿಗಾಲವಿಲ್ಲ ಎಂಬ ಎಚ್ಚರ ಅದು. ರಾತ್ರಿ ತಂಗುವಂತೆಯೂ ಇಲ್ಲ. ಇಷ್ಟೆಲ್ಲ ಕಟ್ಟುಪಾಡು ಇದ್ದರೂ ಜಗತ್ತಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಹೋಗುತ್ತಾರೆ.

ಲಕ್ಕವಳ್ಳಿಗೂ ಇದೇ ಮೇಲ್ಪಂಕ್ತಿ. ಗೂಡಿನ ತಿಂಗಳುಗಳಲ್ಲಿ ದೋಣಿಯಿಂದಲೇ ನೋಡಬೇಕು. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಅನುಮತಿ ಇಲ್ಲದೆ ಹಿನ್ನೀರಿಗೆ ಇಳಿಯುವಂತಿಲ್ಲ. ಯಾರೋ ಪರಿಚಯದವರ ತೆಪ್ಪದಲ್ಲಿ ಹೋಗಿಬರುವ ಯೋಚನೆ ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಅರಣ್ಯ ಇಲಾಖೆಯ ಅನುಮತಿ ಪಡೆದ ದೋಣಿಯಲ್ಲಿ ಮುಂಚಿತವಾಗಿ ಜಾಗ ಕಾದಿರಿಸಬೇಕು. ಬೆಳಗಿನ ಹೊತ್ತು ಎಲ್ಲಕ್ಕಿಂತ ಉತ್ತಮ. ಬಿಸಿಲು ಏರಿರುವುದಿಲ್ಲ, ಮೀನು ಹಿಡಿದು ತಂದು ಜೊತೆಗಾರನಿಗೆ ಉಣಿಸುವ ಹಕ್ಕಿಗಳೂ ಕಾಣುತ್ತವೆ. ಒಣಮರದ ಬೊಡ್ಡೆಯ ಮೇಲೆ ಮೀನುಡೇಗೆ ಕುಳಿತಿರಬಹುದು, ದಡಕ್ಕೆ ಆನೆಗಳು ನೀರಿಗೆ ಬಂದಿರಬಹುದು. ಒಂದು ದುರ್ಬೀನು ಹತ್ತು ಮಕ್ಕಳ ಕೈ ದಾಟಿದರೂ ಸಾಕು. ದೋಣಿ ಸಮೀಪಿಸುತ್ತಿದ್ದಂತೆ ಹಕ್ಕಿಗಳು ಎದ್ದವೆಂದರೆ ದೋಣಿ ಹೆಚ್ಚು ಹತ್ತಿರ ಬಂದಿದೆ ಎಂದು ಅರ್ಥ. ಆಗ ಹಿಂದೆ ಸರಿಯಲು ಹೇಳಬೇಕಾದವರು ಜೊತೆಗಿರುವ ಹಿರಿಯರೇ.

ತಲುಪುವುದು ಕಷ್ಟವಲ್ಲ. ಕಡೂರಿನವರಿಗೆ ಬೀರೂರು ದಾಟಿ ತರೀಕೆರೆಗೆ ರೈಲೂ ಇದೆ, ಬಸ್ಸೂ ಇದೆ. ಅಜ್ಜಂಪುರ ಚಿಕ್ಕಜಾಜೂರಿನ ಹಾದಿಯಲ್ಲಿದೆ, ತರೀಕೆರೆ ಶಿವಮೊಗ್ಗದ ಹಾದಿಯಲ್ಲಿದೆ. ಹಾಗಾಗಿ ರೈಲಿನಲ್ಲಾದರೆ ಬೀರೂರಿನಲ್ಲಿ ಬದಲಾಯಿಸಬೇಕು. ಅಜ್ಜಂಪುರದವರಿಗೆ ನೇರ ರಸ್ತೆಯೇ ಅನುಕೂಲ. ತರೀಕೆರೆಯಿಂದ ಮುಂದೆ ರಸ್ತೆ. ಬೆಳಗಿನ ದೋಣಿ ಹಿಡಿಯಬೇಕಾದರೆ ಮನೆಯಿಂದ ನಸುಕಿನಲ್ಲೇ ಹೊರಡಬೇಕಾಗುತ್ತದೆ. ಆದರೆ ಅದೇ ದಿನ ಊಟದ ಹೊತ್ತಿಗೆ ಮನೆಗೆ ಮರಳಲೂಬಹುದು.

ಡಿಸೆಂಬರಿನ ದ್ವೀಪ ಬೇರೆ

ಈಗ ಒಂದು ತೊಡಕು ಕಾಣುತ್ತದೆ. ಶಾಲೆಯ ಪ್ರವಾಸ ಡಿಸೆಂಬರಿನಲ್ಲಿ, ರೀವ ಗೂಡು ಹೂಡುವುದು ಫೆಬ್ರುವರಿಯ ಮೇಲೆ. ಡಿಸೆಂಬರಿನಲ್ಲಿ ಲಕ್ಕವಳ್ಳಿಗೆ ಹೋದರೆ ಒಳ್ಳೆಯ ಮಳೆಗಾಲದ ನಂತರ ಕಾಣುವುದು ಹೆಚ್ಚಾಗಿ ನೀರೇ. ಹಾಗಾಗಿ ಲಕ್ಕವಳ್ಳಿಯನ್ನು ಫೆಬ್ರುವರಿ-ಏಪ್ರಿಲ್ ನಡುವಿನ ಒಂದು ಭಾನುವಾರಕ್ಕೆ, ಮನೆಯವರೆಲ್ಲ ಸೇರಿ ಹೋಗುವುದಕ್ಕೆ ಉಳಿಸಿಕೊಳ್ಳಬೇಕು. ಡಿಸೆಂಬರಿಗೆ ಸರಿಹೊಂದುವ ದ್ವೀಪ ಬೇರೆಯಿದೆ. ಅದು ಅಜ್ಜಿ ಹೆದರಿದ ಸಮುದ್ರದಲ್ಲೇ ಇದೆ.

ಉಡುಪಿಯ ಮಲ್ಪೆಗೆ ಎದುರಾಗಿ ಅರಬ್ಬೀ ಸಮುದ್ರದಲ್ಲಿರುವ ಸೇಂಟ್ ಮೇರಿ ದ್ವೀಪಗಳಿಗೆ ಅಲ್ಲಿನ ಜನ ತೋನ್ಸೆಪಾರ್ ಎನ್ನುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂದು ಹೇಳಿಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಇಲ್ಲಿ ನೋಡಬೇಕಾದದ್ದು ಕಲ್ಲನ್ನು. ಯಾರೋ ಶಿಲ್ಪಿ ಕಡೆದು ನಿಲ್ಲಿಸಿದಂತೆ ಐದು, ಆರು, ಏಳು ಮೂಲೆಗಳ ಕಂಬಗಳು ಸಾಲುಸಾಲಾಗಿ ನಿಂತಿವೆ.

ಕಡೂರಿನ ಹುಡುಗರಿಗೆ ಈ ಕಂಬಗಳ ಗುಟ್ಟು ಬೇಗ ಹೊಳೆಯಬೇಕು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳವನ್ನು ಕಾಣದವರು ಆ ಕಡೆ ಯಾರಿದ್ದಾರೆ? ಹೂಳು ಒಣಗಿ ಕುಗ್ಗುವಾಗ ಬಿರುಕು ಬಿಡುತ್ತದೆ, ಬಿರುಕುಗಳು ಒಂದಕ್ಕೊಂದು ಕೂಡಿ ಐದಾರು ಮೂಲೆಯ ಹೆಂಚುಗಳಾಗುತ್ತವೆ. ತೋನ್ಸೆಪಾರಿನಲ್ಲಿ ಕುಗ್ಗಿದ್ದು ಮಣ್ಣಲ್ಲ, ಕಾದ ಲಾವಾರಸ. ನೀರು ಆರಿದ್ದರಿಂದಲ್ಲ, ಬಿಸಿ ಆರಿದ್ದರಿಂದ ಅದು ಬಿರಿಯಿತು. ನಿಧಾನವಾಗಿ ತಣಿದಂತೆ ಬಿರುಕುಗಳು ಮೇಲಿನಿಂದ ಕೆಳಕ್ಕೆ ಇಳಿದು ಹೆಂಚಿನ ಬದಲು ಕಂಬಗಳೇ ಆದವು. ಇದು ನಡೆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರ್ ದ್ವೀಪವೂ ಒಂದನ್ನೊಂದು ಬಿಟ್ಟು ದೂರ ಸರಿದ ಕಾಲದಲ್ಲಿ. ಅಲ್ಲಿಂದ ನೆನಪಿಗೆಂದು ಒಂದು ಚೂರು ಕಲ್ಲನ್ನೂ ತರಬಾರದು. ಬೇಸಿಗೆಯಲ್ಲಿ ತೆಗೆದ ಕೆರೆಯಂಗಳದ ಒಂದು ಫೋಟೋ ಒಯ್ದು ಅಲ್ಲಿ ಪಕ್ಕದಲ್ಲಿ ಹಿಡಿದು ನೋಡಿದರೆ, ಅದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಆದರೆ ಸಮುದ್ರ ಕೆರೆಯಲ್ಲ. 2022ರ ಏಪ್ರಿಲ್ 7ರಂದು ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದ ಬಳಿ ನೀರುಪಾಲಾದರು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ಹುಡುಗಿಯರು ತೀರಿಕೊಂಡರು. ಅವರ ಮನೆಗಳಲ್ಲೂ ಯಾರೋ ಒಬ್ಬರು ಹೀಗೆಯೇ ಪ್ರವಾಸಕ್ಕೆ ಹೂಂ ಎಂದಿದ್ದರು. ಅಜ್ಜಿಯ ಮಾತನ್ನು ಹಳೆಯ ಕಾಲದ ಹೆದರಿಕೆ ಎಂದು ತಳ್ಳಿಹಾಕುವಂತಿಲ್ಲ.

ಬಯಲುಸೀಮೆಯ ಮಕ್ಕಳಿಗೆ ಸಮುದ್ರದ ಮೂರು ಸಂಗತಿ ಮೊದಲೇ ಗೊತ್ತಿರಬೇಕು. ಒಂದು, ಅಲೆಗಳೆಲ್ಲ ಒಂದೇ ಎತ್ತರದವಲ್ಲ. ಹತ್ತು ಅಲೆ ಪಾದ ತೊಯಿಸಿ ಹೋದ ಕಡೆ ಹನ್ನೊಂದನೆಯದು ಸೊಂಟಕ್ಕೆ ಬರಬಹುದು. ಆದ್ದರಿಂದ ಬಂಡೆಯ ಅಂಚಿನಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವುದು ಬೇಡ. ಎರಡು, ಪಾಚಿ ಕಟ್ಟಿದ ಒದ್ದೆ ಬಂಡೆ ಎಣ್ಣೆ ಹಚ್ಚಿದ ಹಲಗೆಯಂತೆ. ಮೂರು, ಉಬ್ಬರ-ಇಳಿತ. ಬೆಳಿಗ್ಗೆ ಒಣಗಿದ್ದ ಬಂಡೆ ಮಧ್ಯಾಹ್ನ ನೀರಿನಡಿ ಹೋಗುತ್ತದೆ. ಉಬ್ಬರದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅದರ ಜೋರು ಹೆಚ್ಚು. ಮನೆಯ ಗೋಡೆಯ ಮೇಲಿನ ಕ್ಯಾಲೆಂಡರೇ ಇದನ್ನು ಹೇಳುತ್ತದೆ. ಇನ್ನು ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಬಿಡುವ ಕಾಲದಲ್ಲೂ ಗಾಳಿ ಎದ್ದರೆ ನಿಲ್ಲಿಸುತ್ತಾರೆ. ಘಟ್ಟ ಇಳಿದು ಅಷ್ಟು ದೂರ ಬಂದಿದ್ದೇವೆ, ಹೇಗಾದರೂ ಕರೆದೊಯ್ಯಿರಿ ಎಂದು ದೋಣಿಯವರನ್ನು ಒತ್ತಾಯಿಸಬಾರದು. ಹೋಗಲಾಗದಿದ್ದರೆ ಆ ದಿನ ನೋಡಲು ಇನ್ನೊಂದು ಸ್ಥಳವನ್ನು ಊರಿನಲ್ಲೇ ಯೋಚಿಸಿಟ್ಟುಕೊಂಡಿದ್ದರೆ ಮಕ್ಕಳಿಗೆ ನಿರಾಶೆಯೂ ಆಗದು.

ಚೀಟಿಯ ಹಿಂಬದಿ

ಮತ್ತೆ ಆ ಚೀಟಿಗೆ ಬರೋಣ. ಅದರ ಹಿಂಬದಿ ಖಾಲಿ ಇರುತ್ತದೆ. ಸಹಿ ಹಾಕುವ ಮುನ್ನ ತಂದೆ-ತಾಯಿ ಅಲ್ಲಿ ಕೆಲವು ಪ್ರಶ್ನೆ ಬರೆದು ಕಳಿಸಬಹುದು. ದೋಣಿಗೆ ಅನುಮತಿ ಇದೆಯೇ? ಎಲ್ಲ ಮಕ್ಕಳಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಉಂಟೇ? ಎಷ್ಟು ಮಕ್ಕಳಿಗೆ ಒಬ್ಬ ಹಿರಿಯರು, ಅವರಲ್ಲಿ ಈಜು ಬಲ್ಲವರು ಎಷ್ಟು ಜನ? ನೀರಿಗೆ ಇಳಿಯಬಾರದು ಎಂಬುದನ್ನು ಮಕ್ಕಳಿಗೆ ಯಾರು, ಯಾವಾಗ ಹೇಳುತ್ತಾರೆ? ದೋಣಿ ಹೊರಡದಿದ್ದರೆ ಏನು ಮಾಡುತ್ತೀರಿ? ಇದರಿಂದ ಮೇಷ್ಟ್ರಿಗೆ ಬೇಸರವಾಗುತ್ತದೆಂದು ಸಂಕೋಚಪಡಬೇಕಾಗಿಲ್ಲ. ಐವತ್ತು ಮಕ್ಕಳನ್ನು ಕರೆದೊಯ್ಯುವವರಿಗೆ ಇಂಥ ಚೀಟಿ ಒಂದು ಬಲ. ಅದನ್ನು ತೋರಿಸಿ ಬಸ್ಸಿನವರಿಗೂ ದೋಣಿಯವರಿಗೂ ಗಟ್ಟಿಯಾಗಿ ಮಾತನಾಡಬಹುದು.

ಮಕ್ಕಳ ಪಾಲಿನ ಕೆಲಸವೂ ಇದೆ. ಕುಡಿಯುವ ನೀರು ಮನೆಯಿಂದಲೇ. ತಿಂಡಿಯ ಪೊಟ್ಟಣದ ಕಾಗದ, ಪ್ಲಾಸ್ಟಿಕ್ಕು ಬಂದ ಚೀಲದಲ್ಲೇ ವಾಪಸು. ಹಕ್ಕಿಗಳ ಹತ್ತಿರ ಹಾಡು, ಕೂಗು ಬೇಡ. ಎಲ್ಲಕ್ಕಿಂತ ಮೊದಲು ಒಂದು ಹಳೆಯ ನೋಟ್‌ಪುಸ್ತಕ. ಡಿಸೆಂಬರ್ ಮೊದಲ ಭಾನುವಾರದಿಂದ ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಭದ್ರಾ ಜಲಾಶಯದ ಮಟ್ಟ ನೋಡಿ ತಾರೀಖಿನ ಎದುರು ಬರೆಯಬೇಕು. ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಗೆರೆ ಕೂಡಿಸುತ್ತ ಹೋದರೆ ಮಾರ್ಚ್ ಹೊತ್ತಿಗೆ ಒಂದು ಇಳಿಜಾರು ಕಾಣುತ್ತದೆ. ನೀರು ಇಳಿದ ಪ್ರತಿ ಅಡಿಗೂ ಲಕ್ಕವಳ್ಳಿಯಲ್ಲಿ ಒಂದಿಷ್ಟು ನೆಲ ಮೇಲೆದ್ದಿದೆ, ಅಲ್ಲಿ ಒಂದು ಹಕ್ಕಿ ಬಂದು ಕುಳಿತಿದೆ ಎಂಬುದನ್ನು ಮನೆಯಲ್ಲೇ ಕುಳಿತು ತಿಳಿಯಬಹುದು.

ನಾಲ್ಕು ತಿಂಗಳು ಹೀಗೆ ಬರೆದ ಮೇಲೆ ಅಜ್ಜಿಯೇ ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಇವತ್ತು ಎಷ್ಟಡಿ ಅಂತೆ ನೋಡಮ್ಮ" ಎಂದು ಕೇಳಬಹುದು. ಅಂಥ ಮನೆಯವರು ದೋಣಿಗೆ ಜಾಗ ಕಾದಿರಿಸುವಾಗ ಅಜ್ಜಿಗೂ ಒಂದು ಸೇರಿಸಿಕೊಳ್ಳಲಿ. ಈಜು ಅವರಿಗೂ ಬಾರದು. ಲೈಫ್ ಜಾಕೆಟ್ ತೊಟ್ಟು, ಮೊಮ್ಮಗಳ ಪಕ್ಕದಲ್ಲಿ ಕುಳಿತು, ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಮರಿಗೆ ನೆರಳು ಹಿಡಿದ ಹಕ್ಕಿಯನ್ನು ದುರ್ಬೀನಿನಲ್ಲಿ ನೋಡಲು ಈಜು ಬೇಕಾಗಿಲ್ಲ.